ಆಳನೀರಿನ ಮೊದಲ ಕೊಯ್ಲು

ಕಡಲ ಆಳದ ಚಳಿಯನ್ನು ದಡಕ್ಕೆ ತಂದು ಸುರಿದರೆ ಏನಾದೀತು ಎಂದು ಕೇಳಿದವರು ವಿಜ್ಞಾನಿಗಳು. ಆ ಪ್ರಶ್ನೆಗೆ ಬಿಳಿಮೊರಡಿಯಲ್ಲಿ ಹಲವು ಉತ್ತರಗಳು ಸಿಕ್ಕವು. ಅವುಗಳಲ್ಲಿ ಬಿಳಿ ದ್ರಾಕ್ಷಿಯೂ ಒಂದಾಗುತ್ತದೆಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಗಂಗಾವಳಿ ನದಿ ಕಡಲು ಸೇರುವಲ್ಲಿಂದ ತುಸು ಉತ್ತರಕ್ಕೆ, ನೀರಿನ ಅಂಚಿನಲ್ಲೇ ಎದ್ದು ನಿಂತ ಚಿರೆಕಲ್ಲಿನ ಗುಡ್ಡ ಅದು. ಆ ಕಾಲದ ಕರಾವಳಿಯ ಬೇಸಗೆ ಹಿಂದಿನವರು ಕಂಡ ಬೇಸಗೆಯಾಗಿ ಉಳಿದಿರಲಿಲ್ಲ. ಬಿಸಿಲಿಗೆ ಕಡಲ ಹಸಿಗಾಳಿ ಸೇರಿ ಬೆವರು ಆರುತ್ತಲೇ ಇರಲಿಲ್ಲ. ಮೈಯ ಕಾವು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಬೇಯುತ್ತಿತ್ತು. ಆ ಊರಿನ ಯಮುನಾ ಎಂಬವಳ ಗಂಡನ ತಂದೆ ಕುಪ್ಪಯ್ಯ ಅಂಬಿಗರು ಅಂಥ ಒಂದು ಮಧ್ಯಾಹ್ನ ನೆರಳಲ್ಲಿ ಬಲೆ ಹೆಣೆಯುತ್ತ ಕೂತವರು ಏಳಲಿಲ್ಲ. ಅಂಥ ಸಾವುಗಳು ಪ್ರತಿ ಊರಲ್ಲೂ ಆದ ಮೇಲೆಯೇ ಆಳನೀರು ಯೋಜನೆ ಬಂದದ್ದು.

ಯೋಜನೆ ಹೇಳಲು ಸುಲಭ, ಮಾಡಲು ಕಷ್ಟ. ದಡದಿಂದ ಬಹುದೂರದಲ್ಲಿ ಕಡಲತಳ ತಟ್ಟನೆ ಕಂದಕಕ್ಕೆ ಇಳಿಯುತ್ತದೆ. ಅಲ್ಲಿಗೆ ಸೂರ್ಯ ಮುಟ್ಟುವುದಿಲ್ಲ. ಅಲ್ಲಿನ ನೀರು ಯುಗಯುಗದಿಂದ ತಣ್ಣಗಿದೆ. ಬಸ್ಸೊಂದು ಒಳಗೆ ಓಡಬಹುದಾದಷ್ಟು ಅಗಲದ ಕೊಳವೆಯನ್ನು ಅಲ್ಲಿಂದ ದಡದವರೆಗೆ ಮಲಗಿಸಿದರು. ದಡದ ಪಂಪುಗಳು ಆ ನೀರನ್ನು ಎಳೆದು, ಬಿಲ್ಲಿನಂತೆ ಬಾಗಿದ ಕಲ್ಲೊಡ್ಡಿನ ಒಳಗಿನ ಕೊಳಕ್ಕೆ ಬಿಡುತ್ತಿದ್ದವು. ಕೊಳದ ಬಾಯಿಂದ ಅದು ದಡದುದ್ದಕ್ಕೂ ತಣ್ಣನೆಯ ನಾಲಿಗೆಯಂತೆ ಚಾಚಿಕೊಳ್ಳುತ್ತಿತ್ತು. ಪಡುವಣದ ಬಿಸಿಗಾಳಿ ಆ ನಾಲಿಗೆಯ ಮೇಲೆ ಹಾಯುವಾಗ ಮಂಜಾಗುತ್ತಿತ್ತು. ಏಪ್ರಿಲ್ ತಿಂಗಳ ನಡುಹಗಲಲ್ಲಿ ಮಂಜು ಗುಡ್ಡ ಹತ್ತುವುದನ್ನು ಮೊದಲ ಸಲ ಕಂಡ ದಿನ ಊರಿನ ಜನ ಅಂಗಳದಲ್ಲಿ ನಿಂತು ಅತ್ತಿದ್ದರು.

ಆಮೇಲೆ ಬದುಕು ಅದಕ್ಕೆ ಹೊಂದಿಕೊಂಡಿತು. ತೆಂಗಿನೆಣ್ಣೆ ವರ್ಷವಿಡೀ ಬಾಟಲಿಯಲ್ಲಿ ಹೆಪ್ಪುಗಟ್ಟಿತು. ಒಣಮೀನು ಒಣಗದೆ ಬೂಸಲು ಹಿಡಿಯಿತು. ಆಳದಿಂದ ಬಂದ ನೀರಿನಲ್ಲಿ ಸತ್ವ ಹೆಚ್ಚು. ತಾರ್ಲೆ ಮೀನಿನ ಹಿಂಡುಗಳು ಕಲ್ಲೊಡ್ಡಿನವರೆಗೂ ಬಂದವು. ಗೇರುಮರಗಳು ಹೂ ಬಿಡುವುದನ್ನೇ ನಿಲ್ಲಿಸಿದವು. ಯಮುನಾಳ ಗಂಡ ಹೊನ್ನಪ್ಪ ಗುಡ್ಡದ ಇಳಿಜಾರಿನ ಗೇರುಮರಗಳನ್ನು ಕಡಿಸಿ, ತೋಟಗಾರಿಕೆ ಕೇಂದ್ರದವರು ಕೊಟ್ಟ ಬಿಳಿ ದ್ರಾಕ್ಷಿಯ ಸಸಿ ನೆಟ್ಟ. ಊರಿನ ಹಲವರು ಜೊತೆಗೂಡಿ ಸಂಘ ಕಟ್ಟಿದರು.

"ದ್ರಾಕ್ಷಿ ಸಿಹಿಯಾಗೂಕೆ ಬಿಸ್ಲು ಸಾಕು. ಹುಳಿ ಉಳ್ಸ್ಕೊಳ್ಳೂಕೆ ತಂಪು ಬೇಕು," ಎಂದು ಹೊನ್ನಪ್ಪ ಕೇಳಿದವರಿಗೆಲ್ಲ ಹೇಳುತ್ತಿದ್ದ. "ಸೆಕೆಯಲ್ಲಿ ಬೆಳ್ದ ಹಣ್ಣಲ್ಲಿ ಹುಳಿ ಸುಟ್ಟೋತದೆ. ಹುಳಿ ಇಲ್ದ ವೈನು ಉಪ್ಪಿಲ್ದ ಸಾರಿದ್ದಂಗೆ."

ಅವನ ತಾಯಿ ಬುಧವಂತಿಗೆ ಅದು ಸೇರುತ್ತಿರಲಿಲ್ಲ. "ಅಂಬಿಗರ ಮನೆಯಲ್ಲಿ ಹೆಂಡದ ಅಂಗಡಿ," ಎಂದು ಒಂದು ಮಾತು ಎಸೆದು ಒಳಗೆ ಹೋಗುತ್ತಿದ್ದಳು. ಆದರೂ ಬಳ್ಳಿಗೆ ಹಕ್ಕಿ ಬಂದರೆ ಡಬ್ಬ ಬಡಿಯುವವಳು ಅವಳೇ.

ಅಂತೂ ಬಳ್ಳಿ ಬೆಳೆದು, ಗೊಂಚಲು ತುಂಬಿ, ಮೊದಲ ದೊಡ್ಡ ಕೊಯ್ಲಿಗೆ ಇನ್ನೊಂದು ವಾರವಷ್ಟೇ ಉಳಿದಿದ್ದಾಗ ಈ ಸಂಗತಿ ನಡೆಯಿತು.

ಯಮುನಾ ಆಳನೀರಿನ ನಿಯಂತ್ರಣ ಕೊಠಡಿಯಲ್ಲಿ ಹಗಲು ಪಾಳಿಯ ಮುಖ್ಯಸ್ಥೆ. ಕೊಳದ ತಳದಲ್ಲಿ ಒಂದು ಕೇಳುಯಂತ್ರವಿತ್ತು. ಕೆಲಸದವರು ಅದನ್ನು ನೀರಕಿವಿ ಎನ್ನುತ್ತಿದ್ದರು. ಪಂಪುಗಳು ಹೊರಡಿಸುವ ಗುಂಯ್‌ಗುಡುವಿಕೆ ಎಷ್ಟು ತಗ್ಗಿನದೆಂದರೆ ಮನುಷ್ಯರ ಕಿವಿಗೆ ಅದು ಕೇಳಿಸದು. ನೀರಕಿವಿ ಅದನ್ನು ಪರದೆಯ ಮೇಲೆ ಗೆರೆಯಾಗಿ ಬರೆಯುತ್ತಿತ್ತು. ಯಂತ್ರ ಎಲ್ಲಿಯಾದರೂ ಸವೆದರೆ ಗೆರೆ ನಡುಗುತ್ತದೆ. ಆ ಬೆಳಿಗ್ಗೆ ಗೆರೆ ನಡುಗಲಿಲ್ಲ. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಗೆರೆ ಮೂಡಿತು. ದಪ್ಪವಾಯಿತು, ತೆಳುವಾಯಿತು, ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಮೂಡಿತು.

ಬೇರಿಂಗು ಹೋಗಿರಬೇಕೆಂದು ಅವಳು ಪಂಪುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎಲ್ಲವೂ ಸರಿಯಿದ್ದವು. ಯೋಜನೆಯ ನಿರ್ದೇಶಕಿ, ಭಟ್ಕಳದ ಡಾ. ಜುವೇರಿಯಾ ದಾಮುದಿಯನ್ನು ಕರೆದಳು. ದಾಮುದಿ ಆ ಸದ್ದನ್ನು ಬೇರ್ಪಡಿಸಿ, ಕಿವಿಗೆ ಕೇಳುವಷ್ಟು ವೇಗ ಹೆಚ್ಚಿಸಿ ಹಾಕಿದರು. ಕೊಠಡಿಯಲ್ಲಿ ಒಂದು ನೀಳ ನರಳಿಕೆ ಎದ್ದು, ಇಳಿದು, ಸುಮ್ಮನಾಯಿತು.

"ಇದು ಯಂತ್ರ ಅಲ್ಲ ಯಮುನಾ," ಎಂದರು ದಾಮುದಿ. ಅವರ ದನಿ ಸಣ್ಣದಾಗಿತ್ತು. "ಇದಕ್ಕೆ ಉಸಿರಿದೆ."

ಇಬ್ಬರೂ ಕಲ್ಲೊಡ್ಡಿನ ಮೇಲೆ ನಡೆದರು. ಮಂಜು ದಟ್ಟವಾಗಿತ್ತು, ನೀರು ಕಾಣುತ್ತಿರಲಿಲ್ಲ. ಹೊರಗಡೆ, ತೀರಾ ಹತ್ತಿರದಲ್ಲೇ, ಯಾರೋ ದೊಡ್ಡ ಬಾಗಿಲನ್ನು ಒಳಗಿಂದ ನೂಕಿ ತೆರೆದಂತೆ ಉಸಿರು ಹೊರಬಿತ್ತು. ಹನಿಗಳು ಅವರ ಮುಖದ ಮೇಲೆ ಬಿದ್ದವು. ಮೀನಿನ ವಾಸನೆಯ ಬಿಸಿ ಹನಿಗಳು. ಆಗ ಗಾಳಿಗೆ ಮಂಜು ಹರಿಯಿತು. ನೀರಿನಿಂದ ಬೂದುನೀಲಿಯ ಬೆನ್ನೊಂದು ಎದ್ದು ಮುಂದೆ ಸಾಗತೊಡಗಿತು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೂ ಬಂತು. ಮತ್ತೂ ಬಂತು. ಯಮುನಾ ಹುಟ್ಟಿದಂದಿನಿಂದ ಈ ಕಡಲನ್ನು ನೋಡಿದವಳು. ಅದರೊಳಗೆ ಇಷ್ಟು ದೊಡ್ಡ ಜೀವ ಇರಬಹುದೆಂದು ಓದಿದ್ದಳು, ನಂಬಿರಲಿಲ್ಲವೆಂದು ಆಗ ತಿಳಿಯಿತು. ಅವಳ ಕೈ ತಾನಾಗಿ ದಾಮುದಿಯವರ ತೋಳು ಹಿಡಿದಿತ್ತು.

"ನೀಲಿ ತಿಮಿಂಗಿಲ. ಹೆಣ್ಣು ಇರಬೇಕು," ಎಂದರು ದಾಮುದಿ. "ಆಳನೀರಿನ ಸತ್ವಕ್ಕೆ ಸಿಗಡಿ ಬಂತು, ಸಿಗಡಿ ಹಿಂದೆ ಇವಳು ಬಂದಿದ್ದಾಳೆ. ಆದರೆ ಒಡ್ಡಿನ ಹತ್ತಿರವೇ ಯಾಕೆ ಸುತ್ತುತ್ತಾಳೆ?"

ಉತ್ತರ ಒಡ್ಡಿನ ಈಚೆ ಇತ್ತು. ಕೊಳದೊಳಗೆ, ಕೊಳವೆಯ ಬಾಯಿಯ ಪಕ್ಕ, ತಾಯಿ ನುಗ್ಗಲಾರದಷ್ಟು ಕಿರಿದಾದ ಕೊಳದ ಬಾಯಿಯಿಂದ ಒಳಬಂದ, ದೋಣಿಯಷ್ಟು ಉದ್ದದ ಮರಿಯೊಂದು ಉಕ್ಕಿನ ಗೋಡೆಗೆ ಮೈಯೊತ್ತಿಕೊಂಡು ತೇಲುತ್ತಿತ್ತು.

ಊರಿನ ದೋಣಿಗಳು ಇಳಿದವು. ತಗಡು ಬಡಿದು, ಹುಟ್ಟು ಅಪ್ಪಳಿಸಿ, ಮರಿಯನ್ನು ಕೊಳದ ಬಾಯಿಯವರೆಗೆ ಅಟ್ಟಿದರು. ಅದು ಅಲ್ಲಿಯವರೆಗೆ ಹೋಗಿ, ತಿರುಗಿ, ದೋಣಿಗಳ ಅಡಿಯಿಂದ ನುಸುಳಿ ಮತ್ತೆ ಕೊಳವೆಗೆ ಬಂದು ಒರಗಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಯಮುನಾ ಕೊಠಡಿಗೆ ಮರಳಿ ಪರದೆಯ ಮುಂದೆ ಕೂತಳು. ತಾಯಿಯ ಗೆರೆ, ಪಂಪಿನ ಗೆರೆ. ಎರಡೂ ಒಂದೇ ಎತ್ತರದಲ್ಲಿದ್ದವು. ಒಂದು ಕರೆದು ನಿಲ್ಲುತ್ತಿತ್ತು. ಇನ್ನೊಂದು ನಿಲ್ಲದೆ ಕರೆಯುತ್ತಿತ್ತು.

"ಮೇಡಂ, ಅದು ಪಂಪನ್ನ ತಾಯಿ ಅಂದ್ಕೊಂಡಿದೆ," ಎಂದಳು. "ಹೊರಗೆ ತಾಯಿ ಕೂಗೂದು ಅದಕ್ಕೆ ಕೇಳೂದೇ ಇಲ್ಲ. ನಮ್ ಸದ್ದು ಅದನ್ನ ಮುಚ್ಚಿಬಿಟ್ಟಿದೆ."

ಪಂಪಿನ ವೇಗ ತಗ್ಗಿಸಿ ನೋಡಿದರು. ಗೆರೆ ಸ್ವಲ್ಪ ಕೆಳಗಿಳಿಯಿತು, ಮರಿ ಅಲುಗಲಿಲ್ಲ. ಕೊಳವೆಗೆ ಮೂತಿ ತಿಕ್ಕುತ್ತ ಹಾಲು ಹುಡುಕುತ್ತಿತ್ತು. ಹಾಲಿಲ್ಲದೆ ಅದು ಬಹಳ ದಿನ ಬದುಕಲಾರದು. ಉಳಿದದ್ದು ಒಂದೇ ದಾರಿ: ಪಂಪುಗಳನ್ನು ಪೂರ್ತಿ ನಿಲ್ಲಿಸುವುದು.

ದಾಮುದಿ ಪರದೆಯಿಂದ ಯಮುನಾಳತ್ತ ತಿರುಗಿದರು. "ಒಮ್ಮೆ ನಿಂತರೆ ಅಷ್ಟು ಉದ್ದದ ನೀರನ್ನು ಮತ್ತೆ ಚಲಿಸೋದಕ್ಕೆ ಮರುದಿನದವರೆಗೆ ಹಿಡಿಯುತ್ತೆ. ಅಂದರೆ ಒಂದು ಇಡೀ ಮಧ್ಯಾಹ್ನ ಈ ದಡದಲ್ಲಿ ತಂಪಿಲ್ಲ. ಹಳೆಯ ಮಧ್ಯಾಹ್ನ. ಅದು ಏನು ಮಾಡುತ್ತೆ ಅಂತ ನಿಮ್ಮ ಮನೆಯಲ್ಲೇ ಗೊತ್ತಿದೆ. ಇದನ್ನ ನಾನೊಬ್ಬಳೇ ತೀರ್ಮಾನಿಸೋದಲ್ಲ. ಈ ತಂಪಲ್ಲಿ ಬದುಕೋರು ಹೇಳಲಿ."

ಆ ಸಂಜೆ ಊಟಕ್ಕೆ ಕೂತಾಗ ಯಮುನಾ ಎಲ್ಲವನ್ನೂ ಹೇಳಿದಳು. ಹೊನ್ನಪ್ಪ ತುತ್ತು ಕೆಳಗಿಟ್ಟ.

"ಇನ್ನೊಂದು ವಾರ ಬೇಕು ಹಣ್ಣಿಗೆ. ಒಂದೇ ಒಂದು ವಾರ. ನಾಳೆ ಬಿಸ್ಲು ಬಿದ್ರೆ ಗೊಂಚಲು ಬಳ್ಳಿ ಮೇಲೇ ಬೇಯ್ತದೆ. ಇಷ್ಟ್ ವರ್ಷ ನಾನು ಮಾಡಿದ್ದೆಂತಕೆ?"

"ಅದು ಸಾಯ್ತದೆ, ಹೊನ್ನಪ್ಪ."

"ನನ್ ಬಳ್ಳಿಗೂ ಜೀವ ಅದೆ! ನಿಂಗೆ ಮೀನಿನ ಮೇಲಿರೂ ಕರುಣೆ ನನ್ ಮೇಲಿಲ್ಲ."

ಅವನು ಹೇಳಿದ್ದು ಸುಳ್ಳೆಂದು ಹೇಳುವ ಧೈರ್ಯ ಯಮುನಾಳಿಗಿರಲಿಲ್ಲ. ಮರಿಯನ್ನು ನೋಡುತ್ತ ನಿಂತಷ್ಟು ಹೊತ್ತು ಅವಳಿಗೆ ದ್ರಾಕ್ಷಿಯ ನೆನಪೇ ಬಂದಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಬುಧವಂತಿ ಮಾತ್ರ ಕೇಳಿದಳು: "ಮರಿ ಕಣ್ ಬಿಟ್ಟದ್ಯೇ?"

"ಬಿಟ್ಟದೆ ಅತ್ತೆ."

"ಬೆಳಿಗ್ಗೆ ನನ್ನ ಕರ್ಕೊಂಡು ಹೋಗು."

ಬೆಳಿಗ್ಗೆ ಬುಧವಂತಿ ಕೋಲೂರಿಕೊಂಡು ಕಲ್ಲೊಡ್ಡಿನ ತುದಿಯವರೆಗೆ ನಡೆದಳು. ಮರಿ ಬದಿಗೆ ವಾಲಿ ತೇಲುತ್ತಿತ್ತು. ಅದರ ಒಂದು ಕಣ್ಣು ನೀರಿನ ಮೇಲಿತ್ತು. ಕಪ್ಪಗೆ, ತೆಂಗಿನಕಾಯಿಯಷ್ಟು, ಸುತ್ತ ಮುದುಕರ ಕಣ್ಣಿಗಿರುವಂಥ ಸುಕ್ಕು. ಅದು ಅವಳನ್ನು ನೋಡಿತು. ಆ ಹೊತ್ತಿಗೇ ಹೊರಗಿನಿಂದ ತಾಯಿ ಕೂಗಿರಬೇಕು. ಸದ್ದು ಕೇಳಲಿಲ್ಲ, ಆದರೆ ಕಾಲಡಿಯ ಕಲ್ಲು ಅದುರಿತು, ಪಕ್ಕೆಲುಬಿನೊಳಗೆ ಏನೋ ತುಂಬಿ ಬಂದಂತಾಯಿತು. ಬುಧವಂತಿ ಎದೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಕ್ಕುರು ಕೂತಳು.

"ಹೆಣ್ಣೇ, ಇದು ನನ್ ಹೊಟ್ಟೆಯೊಳಗೆ ಕೂಗ್ತದೆ," ಎಂದಳು.

ಸಂಘದ ಅಂಗಳದಲ್ಲಿ ಜನ ಸೇರಿದ್ದರು. ಮಾತು ಬಿಸಿಯಾಗಿಯೇ ನಡೆಯಿತು. "ಒಂದು ಮೀನಿಗೋಸ್ಕರ ನನ್ನಪ್ಪ ಸಾಯ್ಬೇಕಾ? ಅಂವ ಹಾಸ್ಗೆ ಹಿಡ್ದಂವ," ಎಂದು ದೋಣಿಯ ವೆಂಕು ಕೇಳಿದ. ಕೇಳಬಾರದ ಪ್ರಶ್ನೆಯೇನಲ್ಲ ಅದು.

ಬುಧವಂತಿ ಎದ್ದಳು. "ನನ್ ಗಂಡ ಸೆಕೆಗೆ ಸತ್ತದ್ದು ನಿಮ್ಗೆಲ್ಲಾ ಗೊತ್ತದೆ. ಆ ಮಧ್ಯಾಹ್ನ ಮತ್ತೆ ಬರೂದು ಅಂದ್ರೆ ನಂಗೂ ಹೆದ್ರಿಕೆ ಅದೆ. ಆದ್ರೆ ಬಾಗ್ಲ ತನಕ ಬಂದ ಬಾಣಂತಿ ಅದು. ಅದ್ರ ಕೂಸು ನಮ್ ಮನೆಯೊಳಗೆ ಅದೆ. ಬಾಗ್ಲ ಹಾಕ್ಕೊಂಡು ಕೂರೂಕಾಗ್ತದ್ಯೇ? ವೆಂಕು, ನಿನ್ನಪ್ಪಂಗೆ ಒಂದು ತಂಪು ಜಾಗ ಮಾಡ್ವ. ಅದಾಗೂದಿಲ್ಲ ಅಂದ್ರೆ ಪಂಪು ನಿಲ್ಸೂದು ಬ್ಯಾಡ."

ತಂಪು ಜಾಗ ಎಂದರೆ ಊರಲ್ಲಿ ಇದ್ದದ್ದು ಒಂದೇ. ವೈನಿಗೆಂದು ಗುಡ್ಡದ ಹೊಟ್ಟೆಗೆ ಕೊರೆದ ನೆಲಮಾಳಿಗೆ. ಚಿರೆಕಲ್ಲಿನ ಗೋಡೆಗಳೊಳಗೆ ಆಳನೀರಿನ ಕೊಳವೆಗಳು ಹಾದಿದ್ದವು. ಪಕ್ಕದಲ್ಲೇ ತಣ್ಣೀರಿನ ದೊಡ್ಡ ತೊಟ್ಟಿಯಿತ್ತು. ಹಿಂಡಿದ ರಸ ಬಿಸಿಯಾದರೆ ಅದರ ಪರಿಮಳ ಹಾರಿಹೋಗುತ್ತದೆ, ಅದಕ್ಕಾಗಿ ಕೂಡಿಟ್ಟ ತಂಪು ಅದು. ಎಲ್ಲರೂ ಹೊನ್ನಪ್ಪನತ್ತ ನೋಡಿದರು. ಅವನು ತಲೆ ತಗ್ಗಿಸಿ, ಉಗುರಿನಿಂದ ಕಂಬದ ಸುಣ್ಣ ಕೆರೆಯುತ್ತ ನಿಂತಿದ್ದ.

"ಮಾಳಿಗೆಯಲ್ಲಿ ಊರಿನ ಮುದುಕ್ರು, ಮಕ್ಳು ಹಿಡೀತಾರೆ," ಎಂದ ಕೊನೆಗೆ. "ಬಾಗ್ಲ ತೆಗ್ದು ಹಾಕಿ ಮಾಡಿದ್ರೆ ತೊಟ್ಟಿ ತಂಪು ಸಂಜೆಗೆ ಮುಗೀತದೆ. ರಸಕ್ಕೆ ಎಂತದೂ ಉಳಿಯೂದಿಲ್ಲ. ಇರ್ಲಿ. ಆದ್ರೆ ಹಣ್ಣು ಬಳ್ಳಿ ಮೇಲೆ ಬೇಯೂಕೆ ನಾ ಬಿಡೂದಿಲ್ಲ. ಹಸಿಯೋ ಹುಳಿಯೋ, ನಾಳೆ ಬೆಳಕು ಹರ್ದ ಕೂಡ್ಲೆ ಎಲ್ರೂ ಬನ್ನಿ, ಕೊಯ್ವ."

ದಾಮುದಿ ದಡದ ಉಳಿದ ಊರುಗಳನ್ನೂ ಕೇಳಿದರು. ಯೋಜನೆಗಿಂತ ಮೊದಲು ಸೆಕೆಯ ಹೊತ್ತಿಗೆ ಜನ ಹೋಗಿ ಕೂರುತ್ತಿದ್ದ ಅಲ್ಲಿನ ತಂಪುಶಾಲೆಗಳನ್ನು ತೆರೆಸಿದರು. ಒಂದೆರಡು ಊರಿನವರು ಬೈದುಕೊಂಡೇ ಒಪ್ಪಿದರು, ಆದರೂ ಒಪ್ಪಿದರು.

ಮರುದಿನ ಮುಂಜಾನೆ ಯಮುನಾ ಪಂಪುಗಳನ್ನು ಒಂದೊಂದಾಗಿ ನಿಲ್ಲಿಸಿದಳು. ಕೊನೆಯದು ನಿಂತಾಗ ಕೊಠಡಿಯ ಗಾಜು, ನೀರಿನ ಲೋಟ, ಅವಳ ಹಲ್ಲುಗಳು ಎಲ್ಲವೂ ಒಮ್ಮೆಲೇ ಸುಮ್ಮನಾದವು. ಇಷ್ಟು ವರ್ಷ ಅವು ಅದುರುತ್ತಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಗುಡ್ಡದ ಮೇಲೆ ಮಂಜು ಇನ್ನೂ ಉಳಿದಿತ್ತು. ತೊಳೆದ ಮೀನುಬುಟ್ಟಿಗಳನ್ನು ಹೊತ್ತು ಊರೇ ತೋಟಕ್ಕೆ ನುಗ್ಗಿತ್ತು. ವೆಂಕು ಅಪ್ಪನನ್ನು ಬೆನ್ನ ಮೇಲೆ ಹೊತ್ತು ಮಾಳಿಗೆಗೆ ಇಳಿಸಿ, ಬಂದು ಕತ್ತರಿ ಹಿಡಿದ. ಕತ್ತರಿ ಸಿಗದವರು ಮೀನು ಹೆಚ್ಚುವ ಚೂರಿ ತಂದರು. ಬಿಳಿ ವೈನಿಗೆ ಸಿಪ್ಪೆಯ ಸಂಗ ಬೇಡ. ಕೊಯ್ದ ಕೂಡಲೇ ಹಿಂಡಿ ರಸವನ್ನು ಬೇರ್ಪಡಿಸಬೇಕು. ಹಿಂಡುಯಂತ್ರದ ಬಾಯಿಂದ ಹಸುರು ಬೆರೆತ ಹೊಂಬಣ್ಣದ ರಸ ಇಳಿಯತೊಡಗಿತು. ಹೊನ್ನಪ್ಪ ಬೆರಳದ್ದಿ ನೆಕ್ಕಿದ, ಮುಖ ಕಿವುಚಿದ, ಮುಂದಿನ ಬುಟ್ಟಿ ಸುರಿದ. ಪಡುವಣದ ಇಳಿಜಾರಿನ ಎಳೆಯ ಬಳ್ಳಿಗಳನ್ನು ಮುಟ್ಟುವಷ್ಟರಲ್ಲಿ ಮಂಜು ಹರಿದು ಬಿಸಿಲು ಬಿತ್ತು. ಅವನು ಎಲ್ಲರನ್ನೂ ಮಾಳಿಗೆಗೆ ಅಟ್ಟಿದ. ಆ ಸಾಲುಗಳನ್ನು ಹಾಗೆಯೇ ಬಿಟ್ಟರು.

ಮಾಳಿಗೆಯಲ್ಲಿ ಮುದುಕರು, ಮಕ್ಕಳು, ಬಸುರಿಯರು ಉಕ್ಕಿನ ಟ್ಯಾಂಕುಗಳಿಗೆ ಒರಗಿ ಕೂತರು. ಮೇಲೆ ಆಕಾಶ ಕಾದ ಹಂಚಾಗಿತ್ತು. ಕಾಗೆಗಳು ಬಾವಿಕಟ್ಟೆಯ ನೆರಳಿಗೆ ಇಳಿದು ಕೊಕ್ಕು ತೆರೆದು ಕೂತವು.

ಯಮುನಾ ಮತ್ತು ದಾಮುದಿ ಒದ್ದೆ ಟವೆಲು ಹೊದ್ದು ಕಲ್ಲೊಡ್ಡಿನ ಕಾವಲು ಗೂಡಿನಲ್ಲಿ ನಿಂತಿದ್ದರು. ಹೆಚ್ಚು ಹೊತ್ತು ನಿಲ್ಲುವಂತಿರಲಿಲ್ಲ. ಸದ್ದು ನಿಂತ ಕೊಳವೆಯನ್ನು ಮರಿ ಮೂತಿಯಿಂದ ನೂಕಿತು, ಸುತ್ತು ಹಾಕಿತು, ಮತ್ತೆ ನೂಕಿತು. ಹೊರಗೆ ತಾಯಿ ಕಾಣುತ್ತಿರಲಿಲ್ಲ. ಗೂಡಿಗೆ ತಂದಿಟ್ಟುಕೊಂಡಿದ್ದ ನೀರಕಿವಿಯ ಪರದೆ ಬರಿದಾಗಿತ್ತು.

"ಹೋಗಿಬಿಟ್ಟಳಾ?" ಎಂದರು ದಾಮುದಿ.

ಯಮುನಾ ಮತ್ತೆ ಪರದೆ ನೋಡಿದಳು. ಇಡೀ ದಡವನ್ನು ಬಿಸಿಲಿಗೆ ಒಡ್ಡಿದ್ದೇನೆ, ಗಂಡನ ಬೆಳೆ ಹಾಳುಮಾಡಿದ್ದೇನೆ, ಅವಳು ಹೋಗಿಬಿಟ್ಟಿದ್ದರೆ? ಗೂಡಿನ ಗೋಡೆ ಹಿಡಿದು ನಿಂತಳು. ಮಂಜಿಲ್ಲದ ಕಡಲು ಎಷ್ಟು ದೂರದವರೆಗೆ ಕಾಣುತ್ತಿತ್ತೆಂದರೆ ಭೂಮಿ ಬಾಗುವುದೂ ಕಂಡಂತಾಗುತ್ತಿತ್ತು. ಅಲ್ಲಿ ಏನೂ ಇರಲಿಲ್ಲ.

ಆಗ ಕಲ್ಲು ಅದುರಿತು.

ಪರದೆಯ ಮೇಲೆ ಒಂಟಿ ಗೆರೆ ಮೂಡಿತು. ಪಕ್ಕದಲ್ಲಿ ಯಾವುದೂ ಇಲ್ಲದೆ, ನೇರವಾಗಿ, ದಪ್ಪವಾಗಿ. ಮರಿ ನಿಂತಿತು. ಅಷ್ಟು ದೊಡ್ಡ ಮೈ ನೀರಲ್ಲಿ ಒಂದೂ ಅಲೆ ಎಬ್ಬಿಸದೆ ಹಾಗೆ ನಿಂತಿದ್ದನ್ನು ಯಮುನಾ ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಕಲ್ಲು ಮತ್ತೆ ಅದುರಿತು. ಮರಿ ತಿರುಗಿತು. ಮೊದಲು ನಿಧಾನ, ಆಮೇಲೆ ಬಾಲ ಬಡಿಯುತ್ತ, ಕೊಳದ ಬಾಯಿಯತ್ತ ನೇರ ಹೋಯಿತು. ದಾಟುವಾಗ ಒಂದು ಸಣ್ಣ ಉಸಿರು ಬಿಟ್ಟಿತು. ಆಚೆ, ಹೊಳೆಯುವ ನೀರಿನಲ್ಲಿ, ಸಣ್ಣ ದ್ವೀಪವೊಂದು ತಳದಿಂದ ಎದ್ದು ಬಂದಂತೆ ತಾಯಿ ಎದ್ದಳು. ಅವಳ ಉಸಿರಿನ ಕಂಬ ಬಿಸಿಲಿಗೆ ಕಾಮನಬಿಲ್ಲಾಗಿ ಚೆದುರಿತು. ಮರಿ ಅವಳ ಹೊಟ್ಟೆಯಡಿಗೆ ನುಸುಳಿತು. ಸ್ವಲ್ಪ ಹೊತ್ತಿಗೆ ನೀಲಿ ನೀರಿನಲ್ಲಿ ಹಾಲಿನ ಬಿಳಿ ಮೋಡ ಹರಡಿತು.

ದಾಮುದಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಯಮುನಾ ಕೈಮುಗಿದಳು. ಯಾರಿಗೆ ಮುಗಿದೆನೆಂದು ಆಮೇಲೂ ಅವಳಿಗೆ ಹೊಳೆಯಲಿಲ್ಲ.

ತಾಯಿಯೂ ಮರಿಯೂ ದೂರ ಹೋದ ಮೇಲೆ, ಸಂಜೆಗೆ ಪಂಪುಗಳನ್ನು ಮತ್ತೆ ಓಡಿಸಿದರು; ಮರುದಿನ ಹೊತ್ತೇರುವಾಗ ಮಂಜು ಬಂತು. ಪಂಪು ನಿಂತಿದ್ದ ಮಧ್ಯಾಹ್ನ ದಡದಲ್ಲಿ ಹಲವರು ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದರು, ಸಾವು ಆಗಲಿಲ್ಲ. ಪಡುವಣದ ಎಳೆಯ ಬಳ್ಳಿಗಳು ಬುಡದವರೆಗೆ ಕರಕಲಾದವು. ಹೊನ್ನಪ್ಪ ಅವನ್ನು ಒಂದೊಂದಾಗಿ ಕಿತ್ತು ಹಾಕಿದ. ಆ ದಿನಗಳಲ್ಲಿ ಯಮುನಾ ಅವನ ಜೊತೆ ಹೊಸ ಸಸಿಗಳಿಗೆ ಗುಂಡಿ ತೋಡಿದಳು. ಮಾಳಿಗೆಯ ತಂಪು ತೀರಿ ರಸ ಒಂದು ಇಡೀ ರಾತ್ರಿ ಬೆಚ್ಚಗಾಗಿತ್ತು. ಅದರ ಕತೆ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಮಳೆಗಾಲದಲ್ಲಿ ಯಮುನಾ ಪಂಪಿನ ಅಲಗುಗಳನ್ನು ಬೇರೆ ಅಳತೆಗೆ ಕೂರಿಸಿ, ಅದರ ದನಿಯನ್ನು ಯಾವ ತಾಯಿಯ ದನಿಗೂ ಹೋಲದಷ್ಟು ಮೇಲಕ್ಕೇರಿಸಿದಳು. ಈಗ ಅದು ಜನರ ಕಿವಿಗೂ ಕೇಳುತ್ತಿತ್ತು. ಊರಿನವರು ಗೊಣಗಿದರು, ಆಮೇಲೆ ರೂಢಿಯಾಯಿತು.

ವೈನು ತಿಳಿಯಾಗಲು ಚಳಿಗಾಲ ಬೇಕಾಯಿತು. ಒಂದು ಮುಂಜಾನೆ ಹೊನ್ನಪ್ಪ ಟ್ಯಾಂಕಿನ ನಲ್ಲಿ ತಿರುಗಿಸಿ, ಗಾಜಿನ ಲೋಟಕ್ಕೆ ಹಿಡಿದು, ಹೆಂಡತಿಗೆ ಕೊಟ್ಟ. ದಾಮುದಿಯವರೂ ಬಂದಿದ್ದರು, ಅವರು ಕುಡಿಯುವವರಲ್ಲ, ಬರಿದೇ ಮೂಸಿ ನೋಡಿ ಕಣ್ಣು ಮುಚ್ಚಿಕೊಂಡರು.

ವೈನು ಬಿಸಿಲಿಗೆ ಹಿಡಿದ ಎಳನೀರಿನಂತೆ ತೆಳುವಾಗಿ ಹೊಳೆಯುತ್ತಿತ್ತು. ಯಮುನಾ ಒಂದು ಗುಟುಕು ಕುಡಿದಳು. ದವಡೆ ಜುಮ್ಮೆಂದಿತು.

"ಹುಳಿ," ಎಂದಳು, ಕಣ್ಣಲ್ಲಿ ನೀರು ಬಂದಿತ್ತು.

"ಹುಳಿಯೇ," ಎಂದ ಹೊನ್ನಪ್ಪ. ಅವನ ಮುಖದಲ್ಲಿ ಬಹಳ ದಿನದ ಮೇಲೆ ನಗು ಮೂಡುತ್ತಿತ್ತು. "ಲೋಟ ಕೆಳಗಿಡ್ಬೇಡ. ಸ್ವಲ್ಪ ನಿಲ್ಲು."

ಅವಳು ನಿಂತಳು. ಹುಳಿ ಮೆಲ್ಲನೆ ಸರಿಯಿತು. ಅದರ ಹಿಂದಿನಿಂದ ಮೊದಲು ಉಪ್ಪು ಬಂತು, ನಾಲಿಗೆಯ ತುದಿಯಷ್ಟೇ. ಆಮೇಲೆ ಹಸಿ ಕಲ್ಲಿನ ವಾಸನೆ, ಎಲ್ಲೋ ಒಂದು ಹೂವು. ಆಮೇಲೆ ಹೆಸರಿಲ್ಲದ ಒಂದು ತಂಪು ಎದೆಯೊಳಕ್ಕೆ ಇಳಿಯತೊಡಗಿತು. ಮುಗಿಯಿತು ಎನ್ನುವಷ್ಟರಲ್ಲಿ ಅದು ಇನ್ನೂ ಇಳಿಯುತ್ತಲೇ ಇತ್ತು. ಬುಧವಂತಿ ಬಾಗಿಲಲ್ಲಿ ನಿಂತು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಬಂದು, ಯಮುನಾಳ ಕೈಯಿಂದ ಲೋಟ ಇಸಿದುಕೊಂಡಳು.

"ತಾ ಇಲ್ಲಿ," ಎಂದಳು. "ನಾನೂ ನಿಲ್ತೆ."